ಸಬ್ಬಸಿಗೆ–ಚೀಸ್ ಖಾರದ ಬಿಸ್ಕತ್ತು ಹರಡದಂತೆ ಮಾಡಿದ ಬಗೆ

ಸಬ್ಬಸಿಗೆ ಸೊಪ್ಪು ಮತ್ತು ಚೀಸ್ ಹಾಕಿ ನಾನು ಮಾಡುತ್ತಿದ್ದ ಖಾರದ ಬಿಸ್ಕತ್ತುಗಳು ಓವನ್ನಿನಲ್ಲಿ ಹರಡಿಕೊಳ್ಳುತ್ತಿದ್ದವು. ಅಂಚು ಕೆಂಪಗಾದರೂ ನಡುಭಾಗ ಮೆತ್ತಗೇ ಉಳಿಯುತ್ತಿತ್ತು. ಮೈದಾ ಹೆಚ್ಚಿಸಿದರೆ ಬರೀ ಹಿಟ್ಟಿನ ರುಚಿ ಬಂತು, ಉಷ್ಣತೆಯನ್ನು 200 ಡಿಗ್ರಿಗೆ ಏರಿಸಿದರೆ ಚೀಸ್ ಸೀದು ಕಹಿಯಾಯಿತು, ಬೇಕಿಂಗ್ ಪೌಡರ್ ಬಿಟ್ಟರೂ ಫಲವಿರಲಿಲ್ಲ.

ದೋಷವಿದ್ದದ್ದು ಸೊಪ್ಪಿನ ತೇವದಲ್ಲಿ ಮತ್ತು ಕರಗಿದ ಬೆಣ್ಣೆಯಲ್ಲಿ. ದೇವರಾಜ ಮಾರುಕಟ್ಟೆಯಿಂದ ತಂದ ಸೊಪ್ಪನ್ನು ಈಗ ತೊಳೆದು, ಬಟ್ಟೆಯ ಮೇಲೆ 2 ಗಂಟೆ ಹರಡಿ, ಹಿಡಿದರೆ ಅಂಗೈಗೆ ತೇವ ಅಂಟದಷ್ಟು ಆರಿದ ನಂತರವೇ ಹೆಚ್ಚುತ್ತೇನೆ. 150 ಗ್ರಾಂ ಮೈದಾಕ್ಕೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದ 75 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಿಂದ ರವೆಯಂತಾಗುವವರೆಗೆ ಉಜ್ಜಿ, 75 ಗ್ರಾಂ ತುರಿದ ಚೆಡ್ಡಾರ್ ಚೀಸ್, 2 ಚಮಚ ಸೊಪ್ಪು, ಅರ್ಧ ಚಮಚ ಕುಟ್ಟಿದ ಕಾಳುಮೆಣಸು ಬೆರೆಸಿ, ಹಿಟ್ಟು ಕೂಡಿಕೊಳ್ಳದಿದ್ದರೆ ಮಾತ್ರ ಒಂದು ಚಮಚ ತಣ್ಣನೆಯ ಹಾಲು ಹಾಕಿ, ನಾದದೆ ಒತ್ತಿ ಉರುಳೆ ಮಾಡಬೇಕು. ಚೀಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಡ.

ಉರುಳೆಯನ್ನು 1 ಗಂಟೆ ಫ್ರಿಜ್ಜಿನಲ್ಲಿ ಇಡಲೇಬೇಕು. ಮೈಸೂರಿನ ಏಪ್ರಿಲ್ ಸೆಕೆಯಲ್ಲಂತೂ ಇದನ್ನು ಬಿಡುವಂತಿಲ್ಲ. ನಂತರ 5 ಮಿ.ಮೀ. ದಪ್ಪಕ್ಕೆ ಕತ್ತರಿಸಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 170 ಡಿಗ್ರಿಯಲ್ಲಿ 18 ನಿಮಿಷ ಬೇಯಿಸಿ, ಓವನ್ ಆರಿಸಿ, ಬಾಗಿಲನ್ನು ಒಂದು ಬೆರಳಷ್ಟು ತೆರೆದು 10 ನಿಮಿಷ ಒಳಗೇ ಬಿಟ್ಟರೆ, ನಡುಭಾಗದ ತೇವವೂ ಹೊರಟುಹೋಗಿ, ಆರಿದ ಮೇಲೆ ಮುರಿದಾಗ ಟಕ್ಕೆಂದು ಸದ್ದಾಗುತ್ತದೆ.