ಎಲ್ಲವನ್ನೂ ತಡೆಯೋಕಾಗಲ್ಲ: ಡಿಫೆನ್ಸ್ ಕೋಚ್ ಆಗಿ ನನ್ನ ಅನುಭವ

ಟೆಕ್ಸಾಸ್‌ನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಕ್ಲಾಸು ಮುಗಿದ ಮೇಲೆ ಅಮೆರಿಕನ್ ಫುಟ್‌ಬಾಲ್ ತಂಡದ ಡಿಫೆನ್ಸ್ ಕೋಚ್, ಅಂದರೆ ಎದುರಾಳಿಯನ್ನು ತಡೆಯುವ ಹುಡುಗರಿಗೆ ಕಲಿಸುವವನು. ಇಲ್ಲಿ ಶಾಲಾ ತಂಡದ ಕೋಚ್‌ಗಳು ಹೆಚ್ಚಿನವರು ಅಲ್ಲೇ ಪಾಠ ಮಾಡುವವರು. ಹಾಗಾಗಿಯೇ ಮಂಡ್ಯದಲ್ಲಿ ಕಬಡ್ಡಿ ಆಡಿ ಬೆಳೆದ, ಈ ಆಟ ಆಡಿಯೇ ಇರದ ನನಗೂ ದಾರಿ ಸಿಕ್ಕಿತು. "ಪಾಠ ಹೇಳೋಕೆ ಹೋಗಿ ಚೆಂಡಾಟ ಆಡಿಸ್ತಿದ್ದೀಯಾ?" ಎಂದು ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾರೆ.

ನಾನು ಶುರು ಮಾಡಿದ್ದು ಯಾರಿಗೂ ಬೇಡವಾದ ಕೆಲಸದಿಂದ. ಎದುರಾಳಿಗಳ ಹಳೆಯ ಪಂದ್ಯಗಳನ್ನು ಹಡಲ್ ಆಪ್‌ನಲ್ಲಿ ನೋಡಿ, ಪ್ರತಿ ಪ್ಲೇಯನ್ನೂ, ಅಂದರೆ ಒಂದೊಂದು ಸಲದ ಆಟವನ್ನೂ, ಬರೆದಿಡುವುದು. 10 ಯಾರ್ಡ್ ಮುಂದೆ ಹೋಗಲು ಚೆಂಡು ಕೈಯಲ್ಲಿರುವ ದಾಳಿ ತಂಡಕ್ಕೆ 4 ಅವಕಾಶ ಇರುತ್ತದೆ, ಅದೇ ಡೌನ್. ಎಷ್ಟನೇ ಡೌನ್, ಇನ್ನೆಷ್ಟು ಯಾರ್ಡ್ ಬೇಕು, ಹೇಗೆ ನಿಂತಿದ್ದರು, ಓಡಿದರೋ ಎಸೆದರೋ, ಎಲ್ಲವೂ ಪಟ್ಟಿಗೆ ಬರಬೇಕು. ಒಂದಷ್ಟು ಪಂದ್ಯ ಆದ ಮೇಲೆ ಅವರ ಚಾಳಿ ಎದ್ದು ಕಾಣುತ್ತದೆ. ಹೀಗೆ ನಿಂತರೆ ಬಲಕ್ಕೇ ಓಡ್ತಾರೆ, ಈ ಹುಡುಗ ಬಂದರೆ ಚೆಂಡು ಅವನಿಗೇ. ಮುಂದೆ ಪ್ರಸಿದ್ಧ ಕೋಚ್ ಆದ ಬಿಲ್ ಬೆಲಿಚಿಕ್ ಕೂಡ 1975ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನಲ್ಲಿ ವಾರಕ್ಕೆ 25 ಡಾಲರ್‌ಗೆ ಇಂಥದೇ ಕೆಲಸದಿಂದ ಶುರು ಮಾಡಿದವರು. ಅವರೂ ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿದವರಲ್ಲ. ಅದು ನನಗೆ ಧೈರ್ಯ ಕೊಟ್ಟಿತು.

ಆಮೇಲೆ 9ನೇ ಕ್ಲಾಸಿನ ತಂಡದ ಲೈನ್‌ಬ್ಯಾಕರ್‌ಗಳು, ಅಂದರೆ ಡಿಫೆನ್ಸ್‌ನ ಮುಂದಿನ ಸಾಲಿನ ಹಿಂದೆ ನಿಲ್ಲುವವರು, ನನ್ನ ಪಾಲಿಗೆ ಬಂದರು. ಇಲ್ಲಿ ಕಬಡ್ಡಿ ಕೈ ಹಿಡಿಯಿತು. ರೇಡರ್ ಮುಖ ನೋಡಿದರೆ ಮೋಸ ಹೋಗ್ತೀವಿ, ಸೊಂಟ ನೋಡಬೇಕು ಅಲ್ವಾ? ಇಲ್ಲೂ ಅದೇ. ಭುಜ, ತಲೆ, ಕಣ್ಣು ಸುಳ್ಳು ಹೇಳಬಹುದು, ಸೊಂಟ ಹೇಳಲ್ಲ. ಆದರೆ ಹಿಡಿಯುವ ರೀತಿ ಬೇರೆ. ಎನ್‌ಎಫ್‌ಎಲ್‌ನ ಸಿಯಾಟಲ್ ಸೀಹಾಕ್ಸ್ ತಂಡದಲ್ಲಿ ಕೋಚ್ ಪೀಟ್ ಕ್ಯಾರಲ್ ಕಲಿಸಿದ, ರಗ್ಬಿಯಿಂದ ಬಂದ ಕ್ರಮವನ್ನೇ ನಾನೂ ಹೇಳಿಕೊಡುತ್ತೇನೆ. ತಲೆ ಪಕ್ಕಕ್ಕೆ, ಭುಜ ತೊಡೆಗೆ, ಎರಡೂ ಕೈ ಸುತ್ತಿ ಹಿಡಿ. ತಲೆ ತಗ್ಗಿಸಿ ನುಗ್ಗುವ ಹುಡುಗನನ್ನು ಆ ಕ್ಷಣವೇ ಹೊರಗೆ ಕೂರಿಸುತ್ತೇನೆ. ಕುತ್ತಿಗೆ ಮುರಿಯುವುದು ಹಾಗೆಯೇ.

ಉಳಿದದ್ದು ಗ್ಯಾಪ್ ಲೆಕ್ಕ. ದಾಳಿ ತಂಡದ ಮುಂದಿನ ಸಾಲಿನ ಲೈನ್‌ಮನ್‌ಗಳ ನಡುವಿನ ಪ್ರತಿ ಸಂದಿಗೂ ಎ, ಬಿ, ಸಿ ಎಂದು ಹೆಸರಿದೆ. ಪ್ರತಿ ಸಂದಿಗೂ ಒಬ್ಬ ಯಜಮಾನ. ಉತ್ಸಾಹದಲ್ಲಿ ಇಬ್ಬರು ಒಂದೇ ಸಂದಿಗೆ ನುಗ್ಗಿದರೆ ಪಕ್ಕದ್ದು ಖಾಲಿ. ಚೆಂಡು ಅಲ್ಲಿಂದಲೇ ಹೋಗುತ್ತದೆ.

ಈ ಕೆಲಸದ ತಿರುಳು ಏನು ಬಿಟ್ಟುಕೊಡಬೇಕು ಅನ್ನುವುದರಲ್ಲಿದೆ. 11 ಜನರಿಂದ ಇಡೀ ಮೈದಾನ ಮುಚ್ಚೋಕಾಗಲ್ಲ. 1991ರ ಜನವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಬೆಲಿಚಿಕ್ ನ್ಯೂಯಾರ್ಕ್ ಜೈಂಟ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್, ಡಿಫೆನ್ಸ್‌ನ ಮುಖ್ಯ ಕೋಚ್. ಎದುರಿಗೆ ಬಫಲೋ ಬಿಲ್ಸ್ ತಂಡದ ಭಯಂಕರ ಪಾಸಿಂಗ್, ಅಂದರೆ ಚೆಂಡೆಸೆತ. ಬೆಲಿಚಿಕ್ ಹಿಂದೆ ಜನ ಜಾಸ್ತಿ ನಿಲ್ಲಿಸಿ, ಓಡೋದಾದರೆ ಓಡಿ ಎಂದು ಬಿಟ್ಟರು. ಬಿಲ್ಸ್‌ನ ಥರ್ಮನ್ ಥಾಮಸ್ 135 ಯಾರ್ಡ್ ಓಡಿದ. ಆದರೂ ಜೈಂಟ್ಸ್ 20-19ರಿಂದ ಗೆದ್ದರು. ಜೈಂಟ್ಸ್‌ನ ದಾಳಿ ತಂಡ 40 ನಿಮಿಷಕ್ಕೂ ಜಾಸ್ತಿ ಚೆಂಡು ಇಟ್ಟುಕೊಂಡಿದ್ದೂ ಅಷ್ಟೇ ಮುಖ್ಯ, ಅದನ್ನು ಡಿಫೆನ್ಸ್‌ನವರು ಹೇಳಿಕೊಳ್ಳಲ್ಲ ಅಷ್ಟೇ! ಆ ಯೋಜನೆಯ ಪ್ರತಿ ಈಗ ಒಹಾಯೋದ ಕ್ಯಾಂಟನ್‌ನಲ್ಲಿರುವ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದೆ.

ಹುಡುಗರಿಗೆ ಬ್ಲಿಟ್ಜ್ ಅಂದರೆ ಪ್ರಾಣ. ಹಿಂದಿನವರೂ ನುಗ್ಗಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಬೇಕು. ಅವರಿಗೆ ನಾನು ತೋರಿಸುವುದು 2025ರ ಸೂಪರ್ ಬೌಲ್. ಈಗಲ್ಸ್ ತಂಡದ ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಒಂದೇ ಒಂದು ಬ್ಲಿಟ್ಜ್ ಕರೆಯಲಿಲ್ಲ. ನಾಲ್ಕೇ ಜನ ನುಗ್ಗಿ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್‌ನನ್ನು 6 ಸಲ ಕೆಡವಿದರು, ಹಿಂದೆ ಏಳು ಜನ ಕಾಯುತ್ತಿದ್ದರು. ಆ ಫ್ಯಾಂಜಿಯೊ ಕೋಚಿಂಗ್ ಶುರು ಮಾಡಿದ್ದು ಪೆನ್ಸಿಲ್ವೇನಿಯಾದ ಡನ್ಮೋರ್‌ನ ಹೈಸ್ಕೂಲಿನಲ್ಲಿ.

ಅವರ ಮಟ್ಟದ ಮುಂದಿನ ನಾಲ್ವರು ನಮ್ಮ ಹತ್ತಿರ ಇಲ್ಲ, ನಿಜ. ಹಾಗಾಗಿ ನಾನು ಬ್ಲಿಟ್ಜ್ ಇಟ್ಟುಕೊಂಡಿದ್ದೇನೆ, ಮೂರನೇ ಡೌನ್‌ಗೆ ಮಾತ್ರ. ಉಳಿದಂತೆ ಮೂರು ಜನ ಆಳದಲ್ಲಿ ನಿಲ್ಲುವ ಕವರ್ 3. ಚಿಕ್ಕ ಪಾಸ್ ಬಿಟ್ಟುಕೊಡ್ತೀವಿ, ಹಿಡಿದವನನ್ನು ಅಲ್ಲೇ ಕೆಡವ್ತೀವಿ. ಹೈಸ್ಕೂಲ್ ಹುಡುಗರು ತಪ್ಪಿಲ್ಲದೆ ಸಾಲಾಗಿ ಹತ್ತು ಪ್ಲೇ ಆಡುವುದು ಅಪರೂಪ. ಎಲ್ಲೋ ಒಂದು ಕಡೆ ಚೆಂಡು ಬೀಳಿಸುತ್ತಾರೆ. ನಾನು ನಂಬಿರುವುದು ಅದನ್ನೇ. ಗ್ಯಾಲರಿಯಲ್ಲಿ ಕೂತ ಅಪ್ಪಂದಿರಿಗೆ ಇದು ಸುತರಾಂ ಇಷ್ಟವಿಲ್ಲ.

ಶುಕ್ರವಾರ ರಾತ್ರಿ ಪಂದ್ಯ, ಶನಿವಾರ ಬೆಳಗ್ಗೆ ವಿಡಿಯೊ, ಭಾನುವಾರ ಮುಂದಿನ ಪಂದ್ಯದ ಯೋಜನೆ. ಸೀಸನ್ ಮುಗಿಯುವವರೆಗೆ ಮನೆಯವರು ನನ್ನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲ್ಲ. ಇದಕ್ಕೆ ಸಿಗುವುದು ಸಂಬಳದ ಮೇಲೆ ಒಂದಿಷ್ಟು ಭತ್ಯೆ.

ಮೇಲಿನ ಕೆಲಸ ಬೇಕೆಂದರೆ ಸಂದರ್ಶನದಲ್ಲಿ ಹೆಡ್ ಕೋಚ್ ಮಾರ್ಕರ್ ಕೊಟ್ಟು ಬೋರ್ಡ್ ಮುಂದೆ ನಿಲ್ಲಿಸುತ್ತಾರೆ. ಒಂದೇ ಬದಿಗೆ ಪಾಸ್ ಹಿಡಿಯುವ ಮೂವರು ರಿಸೀವರ್ ನಿಂತರೆ ನಿನ್ನವರನ್ನು ಎಲ್ಲಿ ನಿಲ್ಲಿಸ್ತೀಯ, ಬರೆ. ಬರೆದ ಮೇಲೆ, ಅವರು ಎಡಕ್ಕೆ ಓಡಿದರೆ? ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ. ಹೋದ ಚಳಿಗಾಲದಲ್ಲಿ ನನಗೂ ಇದಾಯಿತು. ಈಗ ಶಾಲೆಯ ಮುಖ್ಯ ತಂಡವಾದ ವಾರ್ಸಿಟಿಯ ಸೆಕೆಂಡರಿ, ಅಂದರೆ ಪಾಸ್ ತಡೆಯುವ ಹಿಂದಿನ ಸಾಲು, ನನ್ನ ಕೈಯಲ್ಲಿದೆ. ಆಗಸ್ಟ್‌ನಲ್ಲಿ ಅಭ್ಯಾಸ ಶುರು.