ಪ್ರಯಾಣದ ನಡುವೆ ಮೋಟರ್‌ಹೋಮ್ ರಿಪೇರಿ: ಪಾರ್ಟ್ ತರಿಸುವುದು, ದುಡ್ಡು ವಾಪಸ್ ಪಡೆಯುವುದು

ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ಸುತ್ತುವ ಗಾಡಿ, ಒಂದೇ ಕಂಪನಿಯದಲ್ಲ. ಬ್ರಿಟನ್ನಿನಲ್ಲಿ ಕೊಂಡು ಫ್ರಾನ್ಸ್, ಸ್ಪೇನ್ ಸುತ್ತುವ ನನ್ನಂಥವರ ಬಳಿ ಇರುವುದು ಹೆಚ್ಚಾಗಿ ಫಿಯಟ್ ಡುಕಾಟೊ ವ್ಯಾನಿನ ಮೇಲೆ ಕಟ್ಟಿದ ಗಾಡಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಫಿಯಟ್‌ನದು. ಹಿಂಭಾಗದ ಮನೆ ಕಟ್ಟಿದವರು ಇನ್ನೊಬ್ಬರು. ಒಳಗಿನ ಹೀಟರ್ ಟ್ರೂಮಾದ್ದು, ಫ್ರಿಜ್ ಡೊಮೆಟಿಕ್ ಅಥವಾ ಥೆಟ್‌ಫೋರ್ಡ್‌ನದು. ವಾರಂಟಿಯೂ ಹೀಗೆ ಪಾಲಾಗಿರುತ್ತದೆ. ಫಿಯಟ್ ವರ್ಕ್‌ಶಾಪ್‌ನವರು ಹೀಟರ್ ಮುಟ್ಟುವುದಿಲ್ಲ, ಕ್ಯಾರವಾನ್ ಅಂಗಡಿಯವರು ಕ್ಲಚ್ ಮುಟ್ಟುವುದಿಲ್ಲ. ಕೆಟ್ಟದ್ದು ಯಾರ ಪಾಲಿನದು ಎಂದು ಗೊತ್ತಾಗದೆ ಫೋನ್ ಮಾಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸುತ್ತಲೇ ಇರುತ್ತಾರೆ.

ದಾರಿಯಲ್ಲಿ ದುಡ್ಡು ಮತ್ತು ದಿನ ಎರಡೂ ಹೋಗುವುದು ಕೆಟ್ಟ ಪಾರ್ಟ್‌ನಿಂದಲ್ಲ, ತಪ್ಪು ಪಾರ್ಟ್ ತರಿಸುವುದರಿಂದ. ನಮ್ಮ ಕಡೆ ಹೆದ್ದಾರಿ ಬದಿಯ ಮೆಕ್ಯಾನಿಕ್ ಬಿಚ್ಚಿ, ಒರೆಸಿ, ಬೆಸುಗೆ ಹಾಕಿ ಮತ್ತೆ ಕೂರಿಸುತ್ತಾನೆ. ಯುರೋಪಿನ ವರ್ಕ್‌ಶಾಪ್‌ಗಳಲ್ಲಿ ಹೆಚ್ಚಾಗಿ ಇಡೀ ಯೂನಿಟ್ಟನ್ನೇ ಬದಲಿಸುತ್ತಾರೆ, ಅದು ಬರುವವರೆಗೆ ಕಾಯಬೇಕು. ಹಾಗಾಗಿ ಆರ್ಡರ್ ಮಾಡುವ ಮೊದಲು ದೋಷವನ್ನು ಅಳೆದು ಖಚಿತ ಮಾಡಿಕೊಳ್ಳುತ್ತೇನೆ. ಅದಕ್ಕೆ ಬೇಕಾದ್ದು ಒಂದು ಸಾಧಾರಣ ಮಲ್ಟಿಮೀಟರ್, ಟಾರ್ಚ್, ಎರಡು ತುಂಡು ವೈರ್, ಬಗೆಬಗೆಯ ಫ್ಯೂಸ್.

ಎಲ್ಲಕ್ಕಿಂತ ಮೊದಲು ನೋಡುವುದು ಒಳಗಿನ ಬ್ಯಾಟರಿ, ಅಂದರೆ ಎಂಜಿನ್ನಿನದಲ್ಲ, ಮನೆ ಭಾಗದ್ದು. ಚಾರ್ಜಿಂಗ್ ನಿಲ್ಲಿಸಿ, ಕೆಲವು ಗಂಟೆ ಲೋಡ್ ಇಲ್ಲದೆ ಬಿಟ್ಟು ಅಳೆದಾಗ ಲೆಡ್-ಆಸಿಡ್ ಬ್ಯಾಟರಿ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ಖಾಲಿಯ ಹತ್ತಿರ. ವೋಲ್ಟೇಜ್ ಇಳಿದಾಗ ಹೀಟರ್ ಎರರ್ ಕೊಟ್ಟು ನಿಲ್ಲುತ್ತದೆ, ಪಂಪ್ ನರಳುತ್ತದೆ, ಗ್ಯಾಸ್ ಫ್ರಿಜ್ಜಿನ ಕಿಡಿಯೂ ಹತ್ತುವುದಿಲ್ಲ. ಮೂರು ಬೇರೆ ಬೇರೆ ರೋಗಗಳಂತೆ ಕಂಡರೂ ಮೂಲ ಒಂದೇ. ಇಲ್ಲಿ ಎಡವಿದವರು ಹೀಟರ್‌ಗೆ ಹೊಸ ಸರ್ಕ್ಯೂಟ್ ಬೋರ್ಡ್ ಹಾಕಿಸುತ್ತಾರೆ.

ಅತಿ ಹೆಚ್ಚು ತಪ್ಪು ನಿರ್ಣಯ ಆಗುವುದು ಫ್ರಿಜ್ ವಿಷಯದಲ್ಲಿ. ಮೂರು ಬಗೆಯಲ್ಲಿ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇರುವುದಿಲ್ಲ. ಗ್ಯಾಸ್, 230 ವೋಲ್ಟ್, 12 ವೋಲ್ಟ್, ಈ ಮೂರರಲ್ಲಿ ಯಾವುದರಿಂದಲಾದರೂ ಶಾಖ ಸಿಕ್ಕರೆ ಅಮೋನಿಯಾ ಸುತ್ತಿ ಒಳಗೆ ತಂಪಾಗುತ್ತದೆ. ಆದ್ದರಿಂದ ಮೂರನ್ನೂ ಒಂದೊಂದಾಗಿ ಹಚ್ಚಿ ನೋಡಬೇಕು. ಕರೆಂಟಿನಲ್ಲಿ ತಂಪಾಗಿ ಗ್ಯಾಸಿನಲ್ಲಿ ಆಗದಿದ್ದರೆ ಕೂಲಿಂಗ್ ಯೂನಿಟ್ ಚೆನ್ನಾಗಿದೆ, ತೊಂದರೆ ಬರ್ನರ್ ಕಡೆ. ಗ್ಯಾಸಿನಲ್ಲಿ ಆಗಿ ಕರೆಂಟಿನಲ್ಲಿ ಆಗದಿದ್ದರೆ ಹೀಟಿಂಗ್ ಎಲಿಮೆಂಟ್, ಅಥವಾ ಅದಕ್ಕೆ ಹೋಗುವ ವೈರ್. ಹೊರಗಿನ ಪ್ಲಗ್ ಪೂರ್ತಿ ಕಿತ್ತ ಮೇಲೆ ಎಲಿಮೆಂಟಿನ ಎರಡು ತುದಿ ಬಿಡಿಸಿ ಓಮ್ ಅಳೆಯಿರಿ. ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿ. 230 ವೋಲ್ಟಿನ 125 ವ್ಯಾಟ್ ಎಲಿಮೆಂಟ್ ಸುಮಾರು 423 ಓಮ್ ತೋರಿಸಬೇಕು. 12 ವೋಲ್ಟಿನ 120 ವ್ಯಾಟಿನದು 1.2 ಓಮ್. ಮೀಟರ್ ಏನನ್ನೂ ತೋರಿಸದಿದ್ದರೆ ಎಲಿಮೆಂಟ್ ಸುಟ್ಟಿದೆ. ಸರಿಯಾದ ಅಂಕಿ ಬಂದರೆ ಎಲಿಮೆಂಟ್ ತರಿಸಬೇಡಿ, ಥರ್ಮೋಸ್ಟಾಟ್ ಅಥವಾ ಕನೆಕ್ಷನ್ ಹುಡುಕಿ.

12 ವೋಲ್ಟಿನಲ್ಲಿ ಮಾತ್ರ ತಂಪು ಕಡಿಮೆ ಎಂದರೆ ಫ್ರಿಜ್ಜನ್ನು ದೂರಬೇಡಿ. 120 ವ್ಯಾಟ್ ಎಂದರೆ 10 ಆಂಪ್. ಅಷ್ಟು ಕರೆಂಟ್ ಮುಂದಿನಿಂದ ಹಿಂದಿನವರೆಗೆ ಸಣ್ಣ ವೈರಿನಲ್ಲಿ ಹರಿದು ಬರುವಾಗ ವೋಲ್ಟೇಜ್ ಸೋರುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ ಒಮ್ಮೆ, ಫ್ರಿಜ್ಜಿನ ಟರ್ಮಿನಲ್ ಮೇಲೆ ಒಮ್ಮೆ ಅಳೆದು ವ್ಯತ್ಯಾಸ ಬರೆದುಕೊಳ್ಳಿ. ಟರ್ಮಿನಲ್ಲಿನಲ್ಲಿ 12 ಇರಬೇಕಾದ್ದು 11ಕ್ಕೆ ಇಳಿದರೂ ಶಾಖ ಶೇಕಡ 16ರಷ್ಟು ಕಡಿಮೆಯಾಗುತ್ತದೆ. ಅಪರಾಧಿ ಹೆಚ್ಚಾಗಿ ಕರಗಿ ಕಪ್ಪಾದ ಫ್ಯೂಸ್ ಹೋಲ್ಡರ್. ಇನ್ನು ಮೂರರಲ್ಲೂ ತಂಪಾಗದೆ, ಹಿಂದಿನ ಚಿಮಣಿ ಬಿಸಿಯಾಗುತ್ತಿದ್ದರೆ, ಜೊತೆಗೆ ಅಮೋನಿಯಾದ ಕಟು ವಾಸನೆಯೋ ಹಳದಿ ಕಲೆಯೋ ಕಂಡರೆ ಕೂಲಿಂಗ್ ಯೂನಿಟ್ ಸೋರಿದೆ. ಅದನ್ನು ದಾರಿಯಲ್ಲಿ ರಿಪೇರಿ ಮಾಡಲಾಗದು. ಆ ಕ್ಷಣವೇ ಖರ್ಚು ನಿಲ್ಲಿಸಿ ಐಸ್ ಬಾಕ್ಸ್ ಕೊಳ್ಳಿ. ಯಾವ ತೀರ್ಮಾನಕ್ಕೂ ಮೊದಲು ಗಾಡಿ ಸಮತಟ್ಟಾಗಿ ನಿಂತಿರಬೇಕು, ಆರು ಗಂಟೆಯಾದರೂ ಕಾಯಬೇಕು. ಈ ಫ್ರಿಜ್ ನಿಧಾನ.

ಗ್ಯಾಸ್ ಕಡೆಯದು ಎಂದು ಗೊತ್ತಾದರೆ ಹೊರಗಿನ ಗ್ರಿಲ್ ತೆಗೆದು ಬರ್ನರ್ ನೋಡುತ್ತೇನೆ. ಚಿಮಣಿಯಿಂದ ಉದುರಿದ ತುಕ್ಕಿನ ಹೊಟ್ಟು ಬರ್ನರ್ ಮೇಲೆ ಕೂತು ಜ್ವಾಲೆಯನ್ನು ಹಳದಿ ಮಾಡುತ್ತದೆ. ಅದನ್ನು ಮೆತ್ತನೆ ಬ್ರಷ್‌ನಲ್ಲಿ ತೆಗೆದರೆ ಎಷ್ಟೋ ಫ್ರಿಜ್ ಸರಿಹೋಗುತ್ತವೆ. ಜೆಟ್‌ನ ತೂತಿಗೆ ಸೂಜಿ ಹಾಕಬಾರದು, ತೂತು ಅಗಲವಾದರೆ ಜ್ವಾಲೆ ಶಾಶ್ವತವಾಗಿ ಕೆಡುತ್ತದೆ. ಗ್ಯಾಸ್ ಜಾಯಿಂಟ್ ಬಿಚ್ಚಬೇಕಾದ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ಗ್ಯಾಸ್ ಫಿಟ್ಟರ್‌ಗೇ ಬಿಡುತ್ತೇನೆ, ಮುಗಿದ ಮೇಲೆ ಸೋರಿಕೆ ಪರೀಕ್ಷೆ ಕೇಳಿ ಮಾಡಿಸುತ್ತೇನೆ.

ಒಲೆ ಉರಿಯುತ್ತದೆ, ಹೀಟರ್ ಮಾತ್ರ ಹತ್ತಿ ಆರುತ್ತದೆ ಎಂಬುದು ಇನ್ನೊಂದು ಮೋಸದ ಲಕ್ಷಣ. ಒಲೆಯ ಎಲ್ಲ ಬರ್ನರ್‌ಗಳನ್ನು ಒಟ್ಟಿಗೆ ಹಚ್ಚಿ ಜ್ವಾಲೆ ಕುಗ್ಗುತ್ತದೆಯೇ ನೋಡಿ. ಕುಗ್ಗಿದರೆ ದೋಷ ಹೀಟರ್‌ನದಲ್ಲ, 30 ಮಿಲಿಬಾರ್ ರೆಗ್ಯುಲೇಟರಿನದು ಅಥವಾ ಸಿಲಿಂಡರಿನದು. ಗ್ಯಾಸ್ ಜೊತೆ ಬರುವ ಎಣ್ಣೆಯಂಥ ಜಿಡ್ಡು ರೆಗ್ಯುಲೇಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಬ್ಯುಟೇನ್ ಇದ್ದು ಹೊರಗೆ 0 ಡಿಗ್ರಿ ಹತ್ತಿರ ಇದ್ದರಂತೂ ಗ್ಯಾಸ್ ಮೇಲೇಳುವುದೇ ಇಲ್ಲ. ಚಳಿಗೆ ಪ್ರೊಪೇನ್ ಬೇಕು. ಬ್ರಿಟನ್ನಿನ ಕ್ಯಾಲರ್ ಕಂಪನಿಯ ಸಿಲಿಂಡರನ್ನು ಯುರೋಪಿನಲ್ಲಿ ಬದಲಿಸಿಕೊಡುವುದಿಲ್ಲ. ಗ್ಯಾಸ್ ತುಂಬಿಸುವ ಟ್ಯಾಂಕ್ ಇದ್ದರೆ ಡಿಶ್, ಆಕ್ಮಿ, ಬಯೊನೆಟ್, ಯೂರೊನಾಝಲ್ ಎಂಬ ನಾಲ್ಕು ಅಡಾಪ್ಟರ್ ಬಗೆಗಳಲ್ಲಿ ಹೋಗುವ ದೇಶದ್ದನ್ನು ಮೊದಲೇ ಇಟ್ಟುಕೊಳ್ಳಬೇಕು: ಫ್ರಾನ್ಸ್, ಇಟಲಿಗೆ ಡಿಶ್, ಜರ್ಮನಿಗೆ ಆಕ್ಮಿ, ಸ್ಪೇನಿಗೆ ಯೂರೊನಾಝಲ್.

ಬೆಳಿಗ್ಗೆ ಗಾಡಿಯ ಕೆಳಗೆ ನೀರು ಕಂಡರೆ ಬಾಯ್ಲರ್ ಒಡೆದಿದೆ ಎಂದು ಗಾಬರಿಯಾಗುವವರು ಬಹಳ. ಟ್ರೂಮಾದ ಫ್ರಾಸ್ಟ್ ವಾಲ್ವ್ ಸುಮಾರು 3 ಡಿಗ್ರಿಯಲ್ಲಿ ತಾನಾಗಿ ತೆರೆದು ಬಾಯ್ಲರ್ ಬರಿದು ಮಾಡುತ್ತದೆ, ಸುಮಾರು 7 ಡಿಗ್ರಿ ದಾಟುವವರೆಗೆ ಕೈಯಿಂದ ಮುಚ್ಚಲೂ ಬಿಡುವುದಿಲ್ಲ. ಗಾಡಿಯ ಒಳಗನ್ನು ಬಿಸಿ ಮಾಡಿ ವಾಲ್ವ್ ಮುಚ್ಚಿ. ಏನೂ ತರಿಸಬೇಕಿಲ್ಲ.

ನೀರಿನ ಪಂಪಿನದು ಇನ್ನೂ ಸರಳ. ಯಾವ ನಲ್ಲಿಗೂ ಓಡದಿದ್ದರೆ ಫ್ಯೂಸ್, ವೈರ್, ಆಮೇಲೆ ಪಂಪ್. ಟ್ಯಾಂಕಿನಲ್ಲಿ ಮುಳುಗಿರುವ ಪಂಪಿನ ಗಾಡಿಯಲ್ಲಿ ಒಂದೇ ನಲ್ಲಿ ಕೈಕೊಟ್ಟರೆ ಆ ನಲ್ಲಿಯೊಳಗಿನ ಮೈಕ್ರೊಸ್ವಿಚ್ ಹೋಗಿದೆ. ಅದರ ಎರಡು ವೈರ್ ಕೂಡಿಸಿದಾಗ ಪಂಪ್ ಓಡಿದರೆ ಖಚಿತ. ಪ್ರೆಶರ್ ಪಂಪ್ ಆಗಿದ್ದು, ನಲ್ಲಿ ಮುಚ್ಚಿದ್ದರೂ ಆಗಾಗ ಗುರ್ ಎಂದರೆ ಎಲ್ಲೋ ತೊಟ್ಟಿಕ್ಕುತ್ತಿದೆ ಅಥವಾ ಪಂಪಿನ ಹಿಮ್ಮುಖ ವಾಲ್ವ್ ಸೋರುತ್ತಿದೆ. ಓಡುತ್ತಲೇ ಇದ್ದು ನೀರು ಬಾರದಿದ್ದರೆ ಸೋಸುವ ಬಟ್ಟಲು ಬಿಚ್ಚಿ ತೊಳೆದು, ಅದರ ರಬ್ಬರ್ ರಿಂಗ್ ನೆಟ್ಟಗೆ ಕೂರಿಸಿ. ಹೊಸ ಪಂಪ್ ತರಿಸುವುದಾದರೆ ಪೈಪ್ ಅಳತೆ ಹೇಳಬೇಕು, 10 ಮತ್ತು 12 ಮಿಲಿಮೀಟರ್ ಎರಡೂ ಬಳಕೆಯಲ್ಲಿವೆ.

ಈಗ ಆರ್ಡರ್. ಹೊರಡುವ ಮೊದಲೇ ಫೋನಿನಲ್ಲಿ ಒಂದು ಆಲ್ಬಂ ಮಾಡಿಟ್ಟುಕೊಳ್ಳಿ: 17 ಅಕ್ಷರದ ಚಾಸಿ ನಂಬರ್, ಮನೆ ಭಾಗ ಕಟ್ಟಿದವರ ಸೀರಿಯಲ್ ನಂಬರ್, ಫ್ರಿಜ್, ಹೀಟರ್, ಟಾಯ್ಲೆಟ್ ಪ್ರತಿಯೊಂದರ ಪ್ಲೇಟಿನ ಸ್ಪಷ್ಟ ಫೋಟೊ. ಡೊಮೆಟಿಕ್ ಸಾಮಾನಿಗೆ ಮಾಡೆಲ್ ಹೆಸರು ಸಾಲದು, ಪ್ರಾಡಕ್ಟ್ ನಂಬರ್ ಬೇಕು. ಒಂದೇ ಮಾಡೆಲ್ ಹೆಸರಿನಡಿ ಒಳಗಿನ ಬೋರ್ಡ್ ಬೇರೆ ಬೇರೆ ಇರುತ್ತದೆ. ಚಾಸಿ ಕಡೆಯದು ಸ್ವಲ್ಪ ನಿರಾಳ: ಡುಕಾಟೊ, ಪೂಜೊ ಬಾಕ್ಸರ್, ಸಿಟ್ರೊಯನ್ ಜಂಪರ್ ಒಂದೇ ಗಾಡಿಯ ಮೂರು ಹೆಸರು. ಫ್ರಾನ್ಸಿನ ಹಳ್ಳಿಯಲ್ಲಿ ಫಿಯಟ್ ಅಂಗಡಿ ಇಲ್ಲದಿದ್ದರೂ ಪೂಜೊ ಕೌಂಟರಿನಲ್ಲಿ ಕನ್ನಡಿ, ಬಾಗಿಲ ಹಿಡಿ, ಬ್ರೇಕ್ ಸಾಮಾನು ಕೇಳಬಹುದು. ಎಂಜಿನ್ ಸಾಮಾನು ಮಾತ್ರ ಹಾಗೆ ಹೊಂದುತ್ತದೆ ಎಂದುಕೊಳ್ಳಬೇಡಿ.

ಬ್ರೆಕ್ಸಿಟ್ ಆದ ಮೇಲೆ ಒಂದು ನಿಯಮ ಪಾಲಿಸುತ್ತೇನೆ: ಗಾಡಿ ಬ್ರಿಟನ್, ಫ್ರಾನ್ಸ್ ನಡುವಿನ ಕಡಲ್ಗಾಲುವೆಯ ಯಾವ ಬದಿಯಲ್ಲಿದೆಯೋ ಆ ಬದಿಯ ಅಂಗಡಿಯಿಂದಲೇ ಕೊಳ್ಳುವುದು. ಬ್ರಿಟನ್ನಿನಿಂದ ಫ್ರಾನ್ಸಿಗೆ ತರಿಸಿದರೆ ವ್ಯಾಟ್ ತೆರಿಗೆ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಮೇಲೆ ಬೀಳುತ್ತವೆ, ವಾಪಸ್ ಕಳಿಸುವಾಗ ಕಸ್ಟಮ್ಸ್ ಕಾಗದ ಇನ್ನೊಮ್ಮೆ. ವಿಳಾಸಕ್ಕೆ, ಇನ್ನು ಮೂರು ನಾಲ್ಕು ದಿನಕ್ಕೆ ತಲುಪುವ ಕ್ಯಾಂಪ್‌ಸೈಟ್‌ನವರನ್ನು ಕೇಳಿ ಒಪ್ಪಿಸಿ, ಬುಕಿಂಗಿನಲ್ಲಿ ಇರುವ ಹೆಸರನ್ನೇ ಕೊಡಿ. ಆಗಸ್ಟಿನಲ್ಲಿ ಫ್ರಾನ್ಸ್, ಇಟಲಿಯ ಎಷ್ಟೋ ವರ್ಕ್‌ಶಾಪ್‌ಗಳು ವಾರಗಟ್ಟಲೆ ಮುಚ್ಚಿರುತ್ತವೆ. ಆ ತಿಂಗಳು ಪಾರ್ಟ್ ಬಂದರೂ ಹಾಕುವವರು ಸಿಗುವುದು ಕಷ್ಟ.

ಪಾರ್ಟ್ ಬಂದಾಗ ಹಾಕುವ ಮೊದಲು ಹಳೆಯದರ ಪಕ್ಕ ಇಟ್ಟು ನಂಬರ್, ಪಿನ್ ಎಣಿಕೆ, ಬೋಲ್ಟ್ ತೂತುಗಳ ಅಂತರ ಹೋಲಿಸಿ ಫೋಟೊ ತೆಗೆಯಿರಿ. ಪ್ಯಾಕಿಂಗ್ ಎಸೆಯಬೇಡಿ. ಆನ್‌ಲೈನ್‌ನಲ್ಲಿ ಕೊಂಡ ಸಾಮಾನಿಗೆ ಬ್ರಿಟನ್ನಿನಲ್ಲೂ ಯುರೋಪಿಯನ್ ಒಕ್ಕೂಟದಲ್ಲೂ ಕೈಸೇರಿದ ಮೇಲೆ 14 ದಿನದೊಳಗೆ ಕಾರಣ ಹೇಳದೆ ಬೇಡ ಎನ್ನುವ ಹಕ್ಕಿದೆ. ಅದನ್ನು ಬರಹದಲ್ಲಿ ತಿಳಿಸಿ. ತಿಳಿಸಿದ ಮೇಲೆ ಕಳಿಸಲು ಇನ್ನೂ 14 ದಿನ ಸಿಗುತ್ತದೆ. ಬೆಲೆಯ ಜೊತೆ ಮೊದಲು ಕೊಟ್ಟ ಸಾಮಾನ್ಯ ಡೆಲಿವರಿ ಚಾರ್ಜೂ ವಾಪಸ್ ಬರಬೇಕು. ವಾಪಸ್ ಕಳಿಸುವ ಖರ್ಚು ಸಾಮಾನ್ಯವಾಗಿ ನಿಮ್ಮದು. ಸಾಮಾನೇ ಕೆಟ್ಟಿದ್ದರೆ ಲೆಕ್ಕ ಬೇರೆ, ಆಗ ಆ ಖರ್ಚು ಅಂಗಡಿಯದು. ಆದ್ದರಿಂದ ರಿಟರ್ನ್ ಫಾರ್ಮಿನಲ್ಲಿ ‘ಮನಸ್ಸು ಬದಲಾಯಿತು’ ಎಂಬುದಕ್ಕೂ ‘ದೋಷವಿದೆ’ ಎಂಬುದಕ್ಕೂ ಗುರುತು ಹಾಕುವಾಗ ಎಚ್ಚರ. ಬೋಲ್ಟ್ ಬಿಗಿದು ಬಳಸಿದ ಸಾಮಾನಿಗೆ ಮೌಲ್ಯ ಕಡಿತ ಮಾಡಲು ಅಂಗಡಿಗೆ ಅವಕಾಶವಿದೆ, ಅಳೆಯುವುದು ಮೊದಲು ಎನ್ನುವುದು ಇದಕ್ಕೂ ಸೇರಿ.

ವರ್ಕ್‌ಶಾಪಿಗೆ ಫೋನ್ ಮಾಡಿದಾಗ ಮೊದಲ ಮಾತಿನಲ್ಲೇ ಗಾಡಿಯ ತೂಕ, ಉದ್ದ, ಎತ್ತರ ಹೇಳಿ. 3.5 ಟನ್, 7 ಮೀಟರ್, 3 ಮೀಟರ್ ಎಂದರೆ ಕಾರಿನ ಲಿಫ್ಟ್ ಇರುವವರು ಅಲ್ಲೇ ಆಗಲ್ಲ ಎನ್ನುತ್ತಾರೆ, ಒಂದು ದಿನ ಉಳಿಯುತ್ತದೆ. ವ್ಯಾನ್, ಲಾರಿ ನೋಡುವ ಡೀಲರ್‌ಗಳನ್ನೇ ಹುಡುಕಿ. ಬರೆದ ಎಸ್ಟಿಮೇಟ್ ಇಲ್ಲದೆ ಕೀ ಕೊಡಬೇಡಿ. ಫ್ರಾನ್ಸಿನಲ್ಲಿ ದೆವಿ, ಸ್ಪೇನಿನಲ್ಲಿ ಪ್ರೆಸುಪ್ವೆಸ್ತೊ ಎಂದು ಕೇಳಬೇಕು. ಇಷ್ಟು ಮೊತ್ತ ದಾಟುವುದಾದರೆ ಕೇಳಿಯೇ ಮುಂದುವರಿಯಿರಿ ಎಂದು ಅದರ ಮೇಲೆಯೇ ಬರೆಸಿ. ಬಿಚ್ಚಿದ ಹಳೆ ಪಾರ್ಟ್ ವಾಪಸ್ ಕೇಳಿ, ಬಿಲ್ಲಿನಲ್ಲಿ ಪರೀಕ್ಷೆ, ಕೂಲಿ ಗಂಟೆ, ಪಾರ್ಟ್ ನಂಬರ್ ಬೇರೆ ಬೇರೆ ಸಾಲಾಗಿರಲಿ. ಸ್ಪೇನಿನಲ್ಲಿ 1986ರಿಂದ ಇದಕ್ಕೆ ಕಾನೂನೇ ಇದೆ: ಲಿಖಿತ ಎಸ್ಟಿಮೇಟ್ ಹಕ್ಕು, ರಿಪೇರಿಗೆ ಸಾಮಾನ್ಯವಾಗಿ 3 ತಿಂಗಳು ಅಥವಾ 2,000 ಕಿಲೋಮೀಟರ್ ಗ್ಯಾರಂಟಿ. ಜಗಳವಾದರೆ ಅಲ್ಲಿ ಅಧಿಕೃತ ದೂರಿನ ಫಾರ್ಮ್ ಕೇಳಿ. ಪೋರ್ಚುಗಲ್‌ನಲ್ಲೂ ಪ್ರತಿ ವ್ಯಾಪಾರಿಯ ಬಳಿ ದೂರಿನ ಪುಸ್ತಕ ಇರಲೇಬೇಕು. ಕೇಳಿದ ಕೂಡಲೇ ಮಾತಿನ ಧಾಟಿ ಬದಲಾಗುವುದುಂಟು.

ಬ್ರಿಟನ್ನಿನಲ್ಲಿ ಬಿಲ್ ಕಟ್ಟುವವರೆಗೆ ಗ್ಯಾರೇಜ್ ಗಾಡಿಯನ್ನು ಹಿಡಿದಿಡಬಹುದು. ಮಲಗುವ ಮನೆಯೇ ಅಲ್ಲಿ ನಿಂತಿರುವಾಗ ವಾದಕ್ಕೆ ಬಲವಿಲ್ಲ. ಹಣ ಕಟ್ಟಿ, ಆದರೆ ಬಿಲ್ಲಿನ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂಬ ಅರ್ಥದ ಸಾಲನ್ನು ಇಂಗ್ಲಿಷಿನಲ್ಲಿ ಬರೆದು, ಅದೇ ಸಂಜೆ ಈಮೇಲ್ ಕೂಡ ಹಾಕಿ. 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಕೆಲಸ ಸೂಕ್ತ ಕೌಶಲದಿಂದ ಆಗಿರಬೇಕು. ಆಗಿಲ್ಲದಿದ್ದರೆ ಮತ್ತೆ ಮಾಡಿಕೊಡಬೇಕು, ಅದಾಗದಿದ್ದರೆ ಬೆಲೆ ಇಳಿಸಬೇಕು.

ಗಾಡಿಯೇ ದೋಷದ್ದಾಗಿದ್ದರೆ ಕೇಳಬೇಕಾದ್ದು ಮಾರಿದ ಡೀಲರನ್ನು. ‘ಟ್ರೂಮಾದವರನ್ನು ಕೇಳಿ’ ಎಂಬ ಉತ್ತರ ಒಪ್ಪಬೇಡಿ, ಕಂಪನಿ ವಾರಂಟಿ ಹೆಚ್ಚುವರಿ ಅನುಕೂಲ ಅಷ್ಟೆ. ಅದೇ ಕಾಯ್ದೆಯಡಿ ಮೊದಲ 30 ದಿನದಲ್ಲಿ ದೋಷ ತೋರಿಸಿ ಗಾಡಿ ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆಮೇಲೆ ರಿಪೇರಿಗೆ ಒಂದು ಅವಕಾಶ ಕೊಡಬೇಕು, ಅದು ವಿಫಲವಾದರೆ ಹಿಂತಿರುಗಿಸುವುದು ಅಥವಾ ಬೆಲೆ ಇಳಿಸಿಕೊಳ್ಳುವುದು. ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರಿದಾಗಲೇ ಇರಲಿಲ್ಲ ಎಂದು ಡೀಲರೇ ಸಾಬೀತು ಮಾಡಬೇಕು. ಆದರೆ 30 ದಿನ ಕಳೆದ ಮೇಲೆ ಮೋಟಾರು ವಾಹನಕ್ಕೆ, ಬಳಸಿದ್ದಕ್ಕೆಂದು ವಾಪಸ್ ಹಣದಲ್ಲಿ ಕಡಿತ ಇದೆ, ಓಡಿಸಿದಷ್ಟೂ ಅದು ಬೆಳೆಯುತ್ತದೆ.

ಬ್ರಿಟನ್ನಿನ ಕ್ರೆಡಿಟ್ ಕಾರ್ಡಿನ ಸೆಕ್ಷನ್ 75 ರಕ್ಷಣೆ, ಅಂದರೆ ಅಂಗಡಿ ಕೈಕೊಟ್ಟರೆ ಕಾರ್ಡ್ ಕೊಟ್ಟ ಬ್ಯಾಂಕನ್ನೇ ಹಣ ಕೇಳುವ ಹಕ್ಕು, 100 ಪೌಂಡ್ ಮೀರಿದ, 30,000 ಪೌಂಡ್ ಮೀರದ ಬೆಲೆಯ ಸಾಮಾನಿಗೆ. ಕಾರ್ಡಿನಲ್ಲಿ ಕಟ್ಟಿದ ಮುಂಗಡವಲ್ಲ, ಸಾಮಾನಿನ ಬೆಲೆ ಲೆಕ್ಕ. ಹೊಸ ಮೋಟರ್‌ಹೋಮ್ ಹಲವು ಸಲ ಈ ಮಿತಿ ದಾಟಿಬಿಡುತ್ತದೆ. ರಿಪೇರಿ ಮತ್ತು ಪಾರ್ಟ್‌ಗಳಿಗೆ ಮಾತ್ರ ಇದು ತುಂಬ ಉಪಯೋಗ, ವಿದೇಶದ ಅಂಗಡಿಯಲ್ಲಿ ಕೊಂಡದ್ದಕ್ಕೂ ಅನ್ವಯಿಸುತ್ತದೆ. ಬ್ಯಾಂಕ್ ನಿರಾಕರಿಸಿದರೆ, ಅಥವಾ ಎಂಟು ವಾರ ಸುಮ್ಮನಿದ್ದರೆ, ಬ್ಯಾಂಕ್ ಮೇಲಿನ ದೂರು ಕೇಳುವ ಫೈನಾನ್ಷಿಯಲ್ ಆಂಬುಡ್ಸ್‌ಮನ್ ಬಳಿ ಉಚಿತವಾಗಿ ಹೋಗಬಹುದು.

ಡೀಲರಿಗೆ ಬರೆಯುವ ಈಮೇಲ್ ಚಿಕ್ಕದಾಗಿರಲಿ: ಕೊಂಡ ದಿನ, ದೋಷ ಕಂಡ ದಿನ, ಅಳತೆಗಳು, ಫೋಟೊ, ನಿಮಗೆ ಬೇಕಾದ ಪರಿಹಾರ, ಉತ್ತರಕ್ಕೆ ಒಂದು ತಾರೀಕು. ನೀವು ಸ್ಪೇನಿನಲ್ಲಿದ್ದರೂ ದೋಷ ಕಂಡ ದಿನವೇ ಕಳಿಸಿ. ಅವರಿಗೆ ತಿಳಿಸದೆ ಅಲ್ಲಿನ ಗ್ಯಾರೇಜಿನಲ್ಲಿ ಬಿಚ್ಚಿಸಿದರೆ ‘ಬೇರೆಯವರು ಕೈಹಾಕಿ ಕೆಡಿಸಿದರು’ ಎಂಬ ಉತ್ತರ ಬರುತ್ತದೆ. ಬಿಚ್ಚಿಸಲೇಬೇಕಾದ ಸ್ಥಿತಿ ಇದ್ದರೆ ಎಸ್ಟಿಮೇಟ್ ಅವರಿಗೆ ಕಳಿಸಿ, ಬಿಚ್ಚುವ ಮೊದಲು ಮತ್ತು ನಂತರದ ವಿಡಿಯೊ ತೆಗೆಸಿ, ಹಳೆ ಪಾರ್ಟನ್ನು ಚೀಲದಲ್ಲಿ ಕಟ್ಟಿ ಚಾಸಿ ನಂಬರ್ ಮತ್ತು ದಿನಾಂಕದ ಚೀಟಿ ಅಂಟಿಸಿ ಇಟ್ಟುಕೊಳ್ಳಿ.