ಹಳೇ ಗಾಡಿಯ ಬ್ಯಾಟರಿ ಇಳಿಯುತ್ತಿದ್ದರೆ ಮೊದಲು ಮೀಟರ್ ಹಿಡಿಯಿರಿ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಮಳೆ ಹಿಡಿದರೆ ಹಳೇ ಟಾಟಾ 407, ಪಿಕಪ್‌ಗಳು ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತವೆ. ಆಮೇಲೊಂದು ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ 'ಟಕ್' ಅಂದು ಸುಮ್ಮನಾಗುತ್ತದೆ. ತಕ್ಷಣ ಹೊಸ ಬ್ಯಾಟರಿ ತರುವವರೇ ಹೆಚ್ಚು. ತೊಂದರೆ ಡೈನಮೋದಲ್ಲೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ವೈರಿನಲ್ಲೋ ಇದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಕೀ ಹಾಕುವ ಮೊದಲೇ ಮಲ್ಟಿಮೀಟರ್ ಹಿಡಿದು ಬ್ಯಾಟರಿ ವೋಲ್ಟ್ ನೋಡಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ರ ಕೆಳಗೆ ಖಾಲಿ. ಖಾಲಿಯಾದದ್ದನ್ನು ಚಾರ್ಜರ್‌ಗೆ ಹಾಕಿ ತುಂಬಿಸಿಕೊಂಡೇ ಮುಂದಿನ ಪರೀಕ್ಷೆ. 80 ಆಂಪಿಯರ್ ಅವರ್ ಬ್ಯಾಟರಿಗೆ 8 ಆಂಪಿಯರ್ ಸಾಕು, ಅವಸರ ಬೇಡ. ತುಂಬಿದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ.

ಈಗ ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಹಿಡಿಯಿರಿ. ಬ್ಯಾಟರಿ ತುದಿಯಲ್ಲಿ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದರೂ 13.2ಕ್ಕಿಂತ ಇಳಿಯಬಾರದು. 15 ದಾಟಿದರೆ ಕಟೌಟ್ (ವೋಲ್ಟೇಜ್ ರೆಗ್ಯುಲೇಟರ್) ಹೋಗಿದೆ; ನೀರು ಬೇಗ ಆರುವುದು, ಬಲ್ಬ್ ಪದೇ ಪದೇ ಸುಡುವುದು ಇದರಿಂದಲೇ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು 'ಡೈನಮೋ ಚೆನ್ನಾಗಿದೆ' ಅಂತ ತೋರಿಸುವ ಚಾಳಿಯನ್ನು ಮಾತ್ರ ಬಿಡಿ. ಆ ಕ್ಷಣಕ್ಕೆ ಏರುವ ವೋಲ್ಟೇಜ್, ಡೈನಮೋದೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನೂ ಕಟೌಟನ್ನೂ ಸುಟ್ಟುಬಿಡುತ್ತದೆ.

ಚಾರ್ಜ್ ಕಮ್ಮಿ ಬಂದರೂ ಡೈನಮೋ ಬಿಚ್ಚಲು ಹೋಗಬೇಡಿ. ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ: 10–15 ಮಿ.ಮೀ. ಬಗ್ಗಿದರೆ ಸರಿ. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಹತ್ತುತ್ತದೆಯೇ? ಹಳೇ ಗಾಡಿಗಳಲ್ಲಿ ಡೈನಮೋಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟಿದ್ದರೆ ಒಳ್ಳೇ ಡೈನಮೋನೂ ಎಬ್ಬಿಸದೆ ಮಲಗಿರುತ್ತದೆ. ಆಮೇಲೆ ಹೆಡ್‌ಲೈಟ್ ಹಾಕಿ, ಇಂಜಿನ್ ಓಡುತ್ತಿರುವಾಗಲೇ ಡೈನಮೋದ ದಪ್ಪ ವೈರಿನ ಬೋಲ್ಟ್‌ಗೂ ಬ್ಯಾಟರಿ ಪ್ಲಸ್‌ಗೂ ಮೀಟರ್ ಹಿಡಿಯಿರಿ. 0.3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ನಡುವಿನ ವೈರ್ ಅಥವಾ ಅದರ ತುದಿಯ ಲಗ್ ಕರೆಂಟ್ ನುಂಗುತ್ತಿದೆ. ಡೈನಮೋ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 0.2ಕ್ಕಿಂತ ಜಾಸ್ತಿ ಇದ್ದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ. ಮಲೆನಾಡಿನ ತೇವಕ್ಕೆ ಇದೇ ಮೊದಲ ಬಲಿ: ಬೋಲ್ಟ್ ಬಿಚ್ಚಿ, ಚಾಸಿಯ ಬಣ್ಣ ಉಜ್ಜಿ ಬಿಳಿ ಲೋಹ ಕಾಣಿಸಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಟರ್ಮಿನಲ್ ಮೇಲಿನ ಹಸಿರು-ಬಿಳಿ ಪುಡಿ ಅಡುಗೆ ಸೋಡಾ ಕಲಸಿದ ಬಿಸಿನೀರಿಗೆ ಬಿಡುತ್ತದೆ. ಆ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ.

ಇಷ್ಟಾದರೂ ಚಾರ್ಜ್ ಬಾರದಿದ್ದರೆ ಡೈನಮೋ ಬಿಚ್ಚಿ. ಹಿಂಬದಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಜೋಡಿಸಿದ ಡೈನಮೋಗಳಲ್ಲಿ ಪಂಪಿನ ಆಯಿಲ್ ಸೀಲ್ ಸೋರಿ ಕಾರ್ಬನ್ ಬ್ರಷ್ ಎಣ್ಣೆಯಲ್ಲಿ ನೆನೆದಿರಬಹುದು. ಸೀಲ್ ಬದಲಿಸದೆ ಕಾರ್ಬನ್ ಮಾತ್ರ ಹಾಕಿಸಿದರೆ ದುಡ್ಡು ದಂಡ. ಬ್ರಷ್ ಸವೆದು 5 ಮಿ.ಮೀ.ಗಿಂತ ಕಮ್ಮಿ ಉಳಿದಿದ್ದರೆ ಬದಲಿಸಿ.

ಚಾರ್ಜಿಂಗ್ ಸರಿಯಿದ್ದೂ ನಿಂತಲ್ಲೇ ಬ್ಯಾಟರಿ ಇಳಿಯುವುದು ಬೇರೆ ಕಥೆ. ಕೀ ತೆಗೆದು, ಬಾಗಿಲು ಮುಚ್ಚಿ, ಮೈನಸ್ ವೈರ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ಸಾಕೆಟ್‌ಗೆ ಹಾಕಿ ವೈರಿಗೂ ಬ್ಯಾಟರಿಗೂ ನಡುವೆ ಸೇರಿಸಿ. ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. ಹಳೇ ಗಾಡಿಯಲ್ಲಿ 50 ಮಿಲಿಆಂಪ್‌ವರೆಗೆ ಚಿಂತೆಯಿಲ್ಲ. 200 ಇದ್ದರೆ ದಿನಕ್ಕೆ ಸುಮಾರು 5 ಆಂಪಿಯರ್ ಅವರ್ ಸೋರಿ, 80ರ ಬ್ಯಾಟರಿ ಎಂಟು ದಿನಕ್ಕೆ ಅರ್ಧ ಖಾಲಿ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದಕ್ಕೆ ಅಂಕಿ ಬೀಳುತ್ತದೋ ಆ ಲೈನಿನಲ್ಲಿ ಹುಡುಕಿ. ಬ್ಯಾಟರಿಯಿಂದ ನೇರ ಎಳೆದ ಜಿಪಿಎಸ್, ಟೇಪ್, ಹೆಚ್ಚುವರಿ ಫಾಗ್ ಲೈಟ್ ರಿಲೇ ಫ್ಯೂಸ್ ಬಾಕ್ಸಿಗೆ ಸಿಗುವುದಿಲ್ಲ, ಅವನ್ನು ಬೇರೆಯಾಗಿ ಬಿಚ್ಚಿ ನೋಡಿ. ಯಾವುದಕ್ಕೂ ಬೀಳದಿದ್ದರೆ, ಮೈನಸ್ ವೈರನ್ನು ಬ್ಯಾಟರಿಯಿಂದ ದೂರ ಇಟ್ಟು ಡೈನಮೋದ ದಪ್ಪ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಸೇರಿಸಿ. ಆಗ ಇಳಿದರೆ ಡಯೋಡ್ ಲೀಕ್.

24 ವೋಲ್ಟ್ ಲಾರಿಗಳಲ್ಲಿ ಬ್ಯಾಟರಿ, ಚಾರ್ಜಿಂಗ್ ವೋಲ್ಟ್ ಅಂಕಿಗಳನ್ನು ದುಪ್ಪಟ್ಟು ಮಾಡಿಕೊಳ್ಳಿ, ಆದರೆ ಎರಡೂ ಬ್ಯಾಟರಿಗಳನ್ನು ಬೇರೆ ಬೇರೆ ಅಳೆಯಿರಿ. ಒಂದು 12.7, ಇನ್ನೊಂದು 12.1 ತೋರಿಸಿದರೆ ಯಾರೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದು ಟೇಪಿಗೋ ಮೊಬೈಲ್ ಚಾರ್ಜರ್‌ಗೋ ಕೊಟ್ಟಿರುವ ಸಾಧ್ಯತೆ ಹೆಚ್ಚು. ಹಾಗೆ ಕದ್ದ ಬ್ಯಾಟರಿ ಸದಾ ಹಸಿದಿರುತ್ತದೆ, ಜೊತೆಯದು ಓವರ್‌ಚಾರ್ಜ್ ಆಗಿ ಕುದಿಯುತ್ತದೆ. ಆ ವೈರ್ ಕಿತ್ತು 24ರಿಂದ 12ರ ಕನ್ವರ್ಟರ್ ಹಾಕಿಸಿ, ಎರಡನ್ನೂ ಪ್ರತ್ಯೇಕವಾಗಿ ಚಾರ್ಜ್ ಮಾಡಿ. ಒಂದು ಸತ್ತಿದ್ದರೆ ಜೋಡಿಯನ್ನೇ ಬದಲಿಸಿ.